ಎದುರಾಳಿಯ ಕೈಯಲ್ಲಿ ಏನಿದೆ? ಪೋಕರ್‌ನಲ್ಲಿ ಹಂತ ಹಂತವಾಗಿ ಓದುವ ಬಗೆ

ಎದುರಿಗೆ ಕೂತವರ ಎರಡು ಎಲೆ ಯಾವುದು ಅಂತ ಕರಾರುವಾಕ್ಕಾಗಿ ಹೇಳುವುದು ಯಾರಿಂದಲೂ ಆಗದು. ಜೀವನವಿಡೀ ಪೋಕರ್ ಆಡಿದವರಿಂದಲೂ ಆಗದು. ಚೆನ್ನಾಗಿ ಆಡುವವರು ಮಾಡುವ ಕೆಲಸವೇ ಬೇರೆ. ಎದುರಾಳಿಯ ಹತ್ತಿರ ಏನೇನು ಇರಬಹುದು ಎಂಬ ಒಂದು ಗುಂಪನ್ನು ಅವರು ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಆಟ ಮುಂದೆ ಹೋದ ಹಾಗೆ, ಹೊಂದದ ಕೈಗಳನ್ನು ಆ ಗುಂಪಿನಿಂದ ತೆಗೆಯುತ್ತಾ ಹೋಗುತ್ತಾರೆ. ಕೊನೆಯ ಬೆಟ್ ಬರುವ ಹೊತ್ತಿಗೆ ಇಪ್ಪತ್ತು ಮೂವತ್ತು ಸಾಧ್ಯತೆ ಉಳಿದಿರುತ್ತವೆ. ಸರಿಯಾದ ನಿರ್ಧಾರಕ್ಕೆ ಅಷ್ಟು ಸಾಕು.

ಈ ಗುಂಪೇ ರೇಂಜ್. ಕೈ ಓದುವುದು ಅಂದರೆ ರೇಂಜ್ ಕಟ್ಟುವುದು, ಆಮೇಲೆ ಅದನ್ನು ಜರಡಿ ಹಿಡಿಯುವುದು.

ಇಲ್ಲಿ ಹೇಳುವುದೆಲ್ಲ ನೋ-ಲಿಮಿಟ್ ಟೆಕ್ಸಾಸ್ ಹೋಲ್ಡೆಮ್ ಆಟಕ್ಕೆ. ಆಟದ ನಿಯಮ, ಯಾವ ಕೈ ಯಾವುದಕ್ಕಿಂತ ದೊಡ್ಡದು ಎಂಬುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಹೊಸಬರು ಬಹಳ ಸಲ ಉಲ್ಟಾ ಮಾಡುತ್ತಾರೆ. ಯಾರೋ ರೇಸ್ ಮಾಡಿದ ಕೂಡಲೇ "ಇವರ ಹತ್ರ ಎಕ್ಕ-ರಾಜ ಇದೆ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಆಮೇಲೆ ಏನೇ ನಡೆದರೂ ಅದನ್ನು ಆ ತೀರ್ಮಾನಕ್ಕೆ ಹೊಂದಿಸುತ್ತಾರೆ. ಒಂದೊಂದು ಸಲ ಅದು ನಿಜವೂ ಆಗುತ್ತದೆ, ತೊಂದರೆ ಶುರುವಾಗುವುದೇ ಅಲ್ಲಿ. ಊಹೆ ಸರಿಯಾದ ಸಲ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಒಂದೇ ಕೈ ಮೇಲೆ ಕಣ್ಣು ನೆಡುವ ಈ ಅಭ್ಯಾಸ ಬಿಟ್ಟರೆ ಅರ್ಧ ದಾರಿ ಸಾಗಿದ ಹಾಗೆ.

ಮೊದಲು ಕೆಲವು ಅಂಕಿ ಬಾಯಿಪಾಠ ಮಾಡಿ

52 ಎಲೆಗಳಲ್ಲಿ ಎರಡನ್ನು 1326 ಬಗೆಯಲ್ಲಿ ಹಂಚಬಹುದು. ಇದನ್ನು ನೆನಪಿಡದಿದ್ದರೂ ನಡೆಯುತ್ತದೆ. ನೆನಪಿಡಬೇಕಾದ್ದು ಇವು: ಯಾವುದೇ ಜೋಡಿ, ಉದಾಹರಣೆಗೆ ಎರಡು ರಾಜ, 6 ಬಗೆಯಲ್ಲಿ ಬರುತ್ತದೆ. ಜೋಡಿಯಲ್ಲದ ಯಾವುದೇ ಕೈ, ಉದಾಹರಣೆಗೆ ಎಕ್ಕ-ರಾಜ, 16 ಬಗೆಯಲ್ಲಿ ಬರುತ್ತದೆ. ಆ 16ರಲ್ಲಿ ಒಂದೇ ಸೂಟಿನವು 4, ಬೇರೆ ಬೇರೆ ಸೂಟಿನವು 12. ಈ ಒಂದೊಂದು ಬಗೆಗೂ ಕಾಂಬೊ ಅನ್ನುತ್ತಾರೆ.

ಇದರಿಂದ ಏನು ಉಪಯೋಗ? ಒಬ್ಬರು ನಿಮ್ಮ ರೇಸ್ ಮೇಲೆ ಮತ್ತೆ ದೊಡ್ಡದಾಗಿ ರೇಸ್ ಮಾಡಿದರು ಅನ್ನಿ. ಅವರು ಇದನ್ನು ಮಾಡುವುದು ಜೋಡಿ ಎಕ್ಕ, ಜೋಡಿ ರಾಜ ಮತ್ತು ಎಕ್ಕ-ರಾಜ ಇದ್ದಾಗ ಮಾತ್ರ ಅಂತ ನಿಮಗೆ ಗೊತ್ತು. "ಮೂರರಲ್ಲಿ ಎರಡು ದೊಡ್ಡ ಜೋಡಿ" ಅಂತ ಮನಸ್ಸಿಗೆ ಅನಿಸುತ್ತದೆ. ಎಣಿಸಿದರೆ ಬೇರೆಯೇ ಕಾಣುತ್ತದೆ. ಜೋಡಿಗಳು 6 ಮತ್ತು 6, ಒಟ್ಟು 12. ಎಕ್ಕ-ರಾಜ ಒಂದೇ 16. ಅಂದರೆ ಅವರ ಹತ್ತಿರ ಜೋಡಿ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ.

ಇನ್ನೊಂದು ವಿಷಯ. ನಿಮ್ಮ ಕೈಯಲ್ಲಿರುವ ಎಲೆ ಅವರ ಕೈಯಲ್ಲಿ ಇರಲಾರದು. ಮೇಜಿನ ಮೇಲೆ ಬಿದ್ದದ್ದೂ ಅಷ್ಟೇ. ನಿಮ್ಮ ಹತ್ತಿರ ಒಂದು ಎಕ್ಕ ಇದ್ದರೆ ಅವರಿಗೆ ಜೋಡಿ ಎಕ್ಕ ಬರಲು 6ರ ಬದಲು 3 ದಾರಿ ಮಾತ್ರ ಉಳಿಯುತ್ತದೆ. ಎರಡು ಎಕ್ಕ ಕಂಡಿದ್ದರೆ ಒಂದೇ ದಾರಿ. ಹೀಗೆ ಅಡ್ಡ ಬರುವ ಎಲೆಗೆ ಬ್ಲಾಕರ್ ಎಂಬ ಹೆಸರಿದೆ. ಜೋಡಿಗಳ ವಿಷಯದಲ್ಲಿ ಇದರ ಪರಿಣಾಮ ದೊಡ್ಡದು. ಬೇರೆ ಕೈಗಳಲ್ಲಿ ಅಷ್ಟಿಲ್ಲ.

ಒಂದನೇ ಹಂತ: ಫ್ಲಾಪ್‌ಗೆ ಮೊದಲೇ ಗುಂಪು ಕಟ್ಟಿ

ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಇದೆ. ಇಲ್ಲಿ ಗಮನ ಕೊಡದವರು ರಿವರ್‌ನಲ್ಲಿ ಎಷ್ಟು ಯೋಚಿಸಿದರೂ ಪ್ರಯೋಜನ ಇಲ್ಲ. ಯಾಕಂದ್ರೆ ಆಮೇಲೆ ಬರುವ ಪ್ರತಿ ಹಂತವೂ ಈ ಗುಂಪಿನಿಂದ ಕಳೆಯುವುದಷ್ಟೇ. ಶುರುವಿನ ಗುಂಪು ತಪ್ಪಿದರೆ ಎಲ್ಲವೂ ತಪ್ಪು.

ಎರಡು ಪ್ರಶ್ನೆ ಕೇಳಿಕೊಳ್ಳಿ. ಎಲ್ಲಿ ಕೂತಿದ್ದಾರೆ? ಎಂಥವರು?

ಕೂತ ಜಾಗದ ಲೆಕ್ಕ ಸರಳ. ಮೊದಲು ಆಡಬೇಕಾದವರ ಹಿಂದೆ ಇನ್ನೂ ಎಲ್ಲರೂ ಬಾಕಿ ಇರುತ್ತಾರೆ. ಅವರಲ್ಲಿ ಯಾರಿಗಾದರೂ ಒಳ್ಳೆಯ ಕೈ ಬಂದಿರಬಹುದು. ಹಾಗಾಗಿ ತಿಳಿದವರು ಮೊದಲ ಜಾಗದಿಂದ ಗಟ್ಟಿ ಕೈಗಳನ್ನಷ್ಟೇ ಆಡುತ್ತಾರೆ. ಬಟನ್‌ನಲ್ಲಿ ಕೂತವರ ಹಿಂದೆ ಎರಡು ಬ್ಲೈಂಡ್ ಮಾತ್ರ. ಫ್ಲಾಪ್ ಆದ ಮೇಲೆ ಕೊನೆಗೆ ಆಡುವ ಅನುಕೂಲವೂ ಅವರದೇ. ಅಲ್ಲಿಂದ ರೇಸ್ ಬಂದರೆ ಗುಂಪು ಬಹಳ ಅಗಲ. ಒಬ್ಬರೇ ವ್ಯಕ್ತಿ, ಅಷ್ಟೇ ಮೊತ್ತದ ರೇಸ್, ಆದರೂ ಜಾಗ ಬದಲಾದರೆ ಅರ್ಥ ಬದಲಾಗುತ್ತದೆ.

ಎಂಥವರು ಎಂಬುದನ್ನು ತಿಳಿಯಲು ಎರಡು ವಿಷಯ ನೋಡಿದರೆ ಸಾಕು. ಎಷ್ಟು ಸಲ ಆಟಕ್ಕೆ ಇಳಿಯುತ್ತಾರೆ? ಇಳಿದಾಗ ರೇಸ್ ಮಾಡುತ್ತಾರಾ, ಸುಮ್ನೆ ಕಾಲ್ ಮಾಡುತ್ತಾರಾ? ಕಡಿಮೆ ಇಳಿಯುವವರ ಗುಂಪು ಕಿರಿದು. ಎಲ್ಲಕ್ಕೂ ಇಳಿದು ಬರೀ ಕಾಲ್ ಮಾಡುವವರ ಗುಂಪು ತುಂಬಾ ಅಗಲ. ಆದರೆ ಅಂಥವರು ಒಂದು ದಿನ ಇದ್ದಕ್ಕಿದ್ದ ಹಾಗೆ ರೇಸ್ ಮಾಡಿದರೆ, ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಜೋಡಿ ಇದ್ದರೂ ಬಿಸಾಕಲು ತಯಾರಿರಿ. ಪೋಕರ್‌ನಲ್ಲಿ ನಾನು ಹೆಚ್ಚು ನಂಬುವ ಸೂಚನೆ ಇದು: ಸುಮ್ಮನಿರುವವರು ಎದ್ದರೆ ಕಾರಣ ಇರುತ್ತದೆ.

ಒಂದು ಗುಂಪನ್ನು ನಿಜವಾಗಿ ಕಟ್ಟಿ ನೋಡೋಣ. ಆರು ಜನರ ಮೇಜು. ಮೊದಲ ಜಾಗದಲ್ಲಿ ತುಂಬಾ ಎಚ್ಚರದಿಂದ ಆಡುವವರು ಕೂತಿದ್ದಾರೆ. ಅವರು ರೇಸ್ ಮಾಡುವ ಕೈಗಳು ಹೀಗಿರಬಹುದು: ಜೋಡಿ 7ರಿಂದ ಜೋಡಿ ಎಕ್ಕದ ತನಕ ಎಲ್ಲ ಜೋಡಿಗಳು. ಎಕ್ಕ-ರಾಜ, ಎಕ್ಕ-ರಾಣಿ ಯಾವ ಸೂಟ್ ಆದರೂ ಸರಿ. ಒಂದೇ ಸೂಟ್ ಆಗಿದ್ದರೆ ಮಾತ್ರ ಎಕ್ಕ-ಗುಲಾಮ, ಎಕ್ಕ-10, ರಾಜ-ರಾಣಿ, ರಾಜ-ಗುಲಾಮ, ರಾಜ-10, ರಾಣಿ-ಗುಲಾಮ, ಗುಲಾಮ-10. ಎಣಿಸಿ. ಎಂಟು ಜೋಡಿಗೆ 48. ಎಕ್ಕ-ರಾಜ, ಎಕ್ಕ-ರಾಣಿ ಸೇರಿ 32. ಒಂದೇ ಸೂಟಿನ ಏಳು ಕೈಗೆ 28. ಒಟ್ಟು 108 ಕಾಂಬೊ. 1326ರಲ್ಲಿ ಇದು ನೂರಕ್ಕೆ ಸುಮಾರು 8. ಈ 108ನ್ನು ಹಾಗೇ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೇಸ್‌ಗೆ ಬರೀ ಕಾಲ್ ಮಾಡಿದವರ ಗುಂಪಿನಲ್ಲಿ ಒಂದು ವಿಶೇಷ ಇದೆ. ಅದರ ತುದಿ ಕತ್ತರಿಸಿರುತ್ತದೆ. ಜೋಡಿ ಎಕ್ಕ, ಜೋಡಿ ರಾಜ ಇದ್ದರೆ ಹೆಚ್ಚಿನವರು ಮತ್ತೆ ರೇಸ್ ಮಾಡುತ್ತಿದ್ದರು. ಮಾಡಿಲ್ಲ ಅಂದರೆ ಬಹುಶಃ ಇಲ್ಲ. ಎದುರಾಳಿ ಮಾಡಬಹುದಾಗಿದ್ದೂ ಮಾಡದೆ ಬಿಟ್ಟದ್ದನ್ನು ಗಮನಿಸಿ. ಮಾಡಿದ್ದು ಹೇಳುವಷ್ಟೇ ಅದೂ ಹೇಳುತ್ತದೆ.

ಎರಡನೇ ಹಂತ: ಫ್ಲಾಪ್ ಯಾರಿಗೆ ಒಲಿಯಿತು?

ಮೂರು ಎಲೆ ಬಿದ್ದಾಗ ಎಲ್ಲರ ಕಣ್ಣು ಮೊದಲು ತಮ್ಮ ಕೈಗೆ ಹೋಗುತ್ತದೆ. ಅದಾದ ಮೇಲೆ ಎದುರಾಳಿಯ ಗುಂಪನ್ನು ಆ ಮೂರು ಎಲೆಗಳ ಪಕ್ಕ ಇಟ್ಟು ನೋಡಿ.

ಫ್ಲಾಪ್ ಎಕ್ಕ-ರಾಜ-5 ಬಂತು ಅನ್ನಿ. ಮೊದಲ ಜಾಗದಿಂದ ರೇಸ್ ಮಾಡಿದವರ ಗುಂಪಿನಲ್ಲಿ ಎಕ್ಕ, ರಾಜ ತುಂಬಿವೆ. ಬಿಗ್ ಬ್ಲೈಂಡ್‌ನಿಂದ ಕಾಲ್ ಮಾಡಿದವರ ಗುಂಪಿನಲ್ಲಿ ಸಣ್ಣ ಜೋಡಿಗಳು, ಪಕ್ಕಪಕ್ಕದ ಸಣ್ಣ ಎಲೆಗಳು ಜಾಸ್ತಿ. ಈ ಫ್ಲಾಪ್ ರೇಸ್ ಮಾಡಿದವರದು. ಅದೇ 8-7-6 ಬಂದರೆ? ಈಗ ಬಿಗ್ ಬ್ಲೈಂಡ್‌ನವರ ಹತ್ತಿರ ಎರಡು ಜೋಡಿ, ಸ್ಟ್ರೇಟ್ ಇರಬಹುದು. ರೇಸ್ ಮಾಡಿದವರ ಹತ್ತಿರ ಅಂಥದ್ದು ಕಡಿಮೆ. ಆ ಫ್ಲಾಪ್‌ನಲ್ಲಿ ಬಿಗ್ ಬ್ಲೈಂಡ್‌ನವರು ಜೋರು ಮಾಡಿದರೆ ನಂಬುವುದಕ್ಕೆ ಕಾರಣ ಇದೆ.

ಆದರೆ ಫ್ಲಾಪ್‌ನ ಮೊದಲ ಬೆಟ್‌ಗೆ ಜಾಸ್ತಿ ಬೆಲೆ ಕೊಡಬೇಡಿ. ಜೋಡಿಯಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಒಂದು ಜೋಡಿ ಅಥವಾ ಅದಕ್ಕಿಂತ ದೊಡ್ಡದು ಸಿಗುವುದು ನೂರಕ್ಕೆ ಸುಮಾರು 32 ಸಲ ಮಾತ್ರ. ಮೂರರಲ್ಲಿ ಎರಡು ಸಲ ಏನೂ ಸಿಗುವುದಿಲ್ಲ. ಕೈಯಲ್ಲಿ ಜೋಡಿ ಇದ್ದವರಿಗೆ ಅದೇ ಎಲೆ ಮೂರನೆಯದು ಬಂದು ಸೆಟ್ ಆಗುವುದು ನೂರಕ್ಕೆ 12ಕ್ಕಿಂತ ಸ್ವಲ್ಪ ಕಡಿಮೆ. ಆದರೂ ರೇಸ್ ಮಾಡಿದವರು ಫ್ಲಾಪ್‌ನಲ್ಲಿ ಬಹಳ ಸಲ ಬೆಟ್ ಮಾಡುತ್ತಾರೆ. ಅಂದರೆ ಆ ಬೆಟ್‌ಗಳಲ್ಲಿ ಎಷ್ಟೋ ಖಾಲಿ. ಇಲ್ಲಿ ನೀವು ತೆಗೆಯಬಹುದಾದ ಕೈಗಳು ಕಡಿಮೆ. ಅವಸರ ಬೇಡ.

ಮೇಜಿನಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಉಳಿದಿದ್ದರೆ ಲೆಕ್ಕ ಬದಲಾಗುತ್ತದೆ. ಮೂರು ನಾಲ್ಕು ಜನರ ಎದುರು ಬರೀ ಸುಳ್ಳಿನ ಬೆಟ್ ಮಾಡುವವರು ಕಡಿಮೆ, ಅಲ್ವಾ? ಅಲ್ಲಿ ಬಂದ ಬೆಟ್‌ಗೆ ಹೆಚ್ಚು ಮರ್ಯಾದೆ ಕೊಡಿ.

ಮೂರನೇ ಹಂತ: ಟರ್ನ್‌ನಲ್ಲಿ ಗಟ್ಟಿ ಸುದ್ದಿ ಸಿಗುತ್ತದೆ

ಕೈ ಓದುವುದರಲ್ಲಿ ಟರ್ನ್‌ಗಿಂತ ಒಳ್ಳೆಯ ಜಾಗ ಇಲ್ಲ ಎಂಬುದು ನನ್ನ ಅಭಿಪ್ರಾಯ. ಪಾಟ್ ಬೆಳೆದಿರುತ್ತದೆ, ಬೆಟ್ ದುಬಾರಿ ಆಗಿರುತ್ತದೆ. ಫ್ಲಾಪ್‌ನಲ್ಲಿ ಸುಮ್ನೆ ಒಂದು ಬೆಟ್ ಹಾಕಿ ನೋಡಿದವರು ಇಲ್ಲಿ ನಿಲ್ಲುತ್ತಾರೆ. ಎರಡನೇ ಬೆಟ್ ಹಾಕಿದವರ ಗುಂಪು ಇದ್ದಕ್ಕಿದ್ದ ಹಾಗೆ ಸಣ್ಣದಾಗುತ್ತದೆ.

ಈ ಜಾಗದಲ್ಲಿ ಗುಂಪಿನ ಒಂದೊಂದು ಕೈಯನ್ನೂ ತೆಗೆದುಕೊಂಡು ಕೇಳಿ: "ಇವರ ಹತ್ತಿರ ಇದು ಇದ್ದಿದ್ದರೆ, ಇವರು ಇಷ್ಟು ಬೆಟ್ ಮಾಡುತ್ತಿದ್ದರಾ?" ಪ್ರಶ್ನೆ ಅವರ ಬಗ್ಗೆ. ನಿಮ್ಮ ಬಗ್ಗೆ ಅಲ್ಲ. ನೀವು ಫ್ಲಶ್ ಕಾಯುವಾಗ ಧೈರ್ಯವಾಗಿ ಬೆಟ್ ಮಾಡುವವರಾಗಿರಬಹುದು. ಎದುರಿನವರು ಅದೇ ಕೈಯಲ್ಲಿ ಯಾವಾಗಲೂ ಚೆಕ್ ಮಾಡಿ ಕಾಯುವವರಾದರೆ, ಅವರ ಬೆಟ್‌ನಲ್ಲಿ ಫ್ಲಶ್ ಕಾಯುವ ಕೈಗಳು ಇಲ್ಲ. ತಮ್ಮ ಆಟವನ್ನು ಎದುರಾಳಿಯ ಮೇಲೆ ಹೊರಿಸುವುದರಿಂದ ಆಗುವಷ್ಟು ತಪ್ಪು ಓದು ಬೇರೆ ಯಾವುದರಿಂದಲೂ ಆಗುವುದಿಲ್ಲ.

ಟರ್ನ್‌ನಲ್ಲಿ ಚೆಕ್ ಮಾಡಿ, ನೀವು ಬೆಟ್ ಮಾಡಿದ ಮೇಲೆ ರೇಸ್ ಮಾಡುತ್ತಾರಾ? ಮಾಮೂಲಿ ಆಟಗಾರರು ಇದನ್ನು ಬ್ಲಫ್ ಆಗಿ ಮಾಡುವುದು ಅಪರೂಪ. ಒಂದೇ ಜೋಡಿ ಹಿಡಿದುಕೊಂಡು ಮುಂದೆ ಹೋಗುವ ಮೊದಲು ಎರಡು ಸಲ ಯೋಚಿಸಿ.

ಇನ್ನು ಫ್ಲಾಪ್‌ನಲ್ಲಿ ಕಾಲ್ ಮಾಡಿದವರು. ಫ್ಲಾಪ್‌ನಲ್ಲಿ ಒಂದೇ ಸೂಟಿನ ಎರಡು ಎಲೆ ಇದ್ದು, ಎದುರಾಳಿ ರೇಸ್ ಮಾಡದೆ ಕಾಲ್ ಮಾತ್ರ ಮಾಡಿದರೆ, ಅವರ ಹತ್ತಿರ ಸೆಟ್ ಅಥವಾ ಎರಡು ಜೋಡಿ ಇರುವುದು ಕಡಿಮೆ. ದೊಡ್ಡ ಕೈ ಇದ್ದವರು ಫ್ಲಶ್ ಬರುವ ಮೊದಲೇ ಹಣ ಒಳಗೆ ಹಾಕಲು ನೋಡುತ್ತಾರೆ. ಮಧ್ಯಮ ಜೋಡಿ, ಫ್ಲಶ್ ಅಥವಾ ಸ್ಟ್ರೇಟ್‌ಗೆ ಕಾಯುವ ಕೈ, ಇವೇ ಅಲ್ಲಿ ಜಾಸ್ತಿ. ಫ್ಲಾಪ್‌ನಲ್ಲಿ ಫ್ಲಶ್‌ಗೆ ಒಂದೇ ಎಲೆ ಬೇಕಿದ್ದವರಿಗೆ ರಿವರ್ ತನಕ ಅದು ಸಿಗುವುದು ನೂರಕ್ಕೆ 35 ಸಲ. ಮಿಕ್ಕ 65 ಸಲ ತಪ್ಪುತ್ತದೆ. ರಿವರ್‌ನ ಬ್ಲಫ್‌ಗಳು ಹುಟ್ಟುವುದು ಬಹುಪಾಲು ಈ 65ರಿಂದ.

ಬೆಟ್‌ನ ಅಳತೆ

ಪಾಟ್‌ನ ಅರ್ಧ ಬೆಟ್ ಬಂದರೆ ಕಾಲ್ ಮಾಡಲು ನೀವು ನೂರಕ್ಕೆ 25 ಸಲ ಗೆಲ್ಲಬೇಕು. ಪಾಟ್‌ನಷ್ಟೇ ಬಂದರೆ 33. ಪಾಟ್‌ನ ಎರಡರಷ್ಟು ಬಂದರೆ 40. ಲೆಕ್ಕ ಸುಲಭ: ನೀವು ಹಾಕಬೇಕಾದ್ದನ್ನು, ನೀವು ಹಾಕಿದ ಮೇಲೆ ಆಗುವ ಒಟ್ಟು ಪಾಟ್‌ನಿಂದ ಭಾಗಿಸಿ.

ಓದುವ ದೃಷ್ಟಿಯಿಂದ ಅಳತೆಗೆ ಇನ್ನೊಂದು ಅರ್ಥ ಇದೆ. ದೊಡ್ಡ ಬೆಟ್ ಮಧ್ಯಮ ಕೈಗಳಿಗೆ ಹೊಂದುವುದಿಲ್ಲ. ಮಧ್ಯಮ ಕೈ ಇದ್ದವರು ಚೆಕ್ ಮಾಡಿ ಸಲೀಸಾಗಿ ಎಲೆ ತೋರಿಸುವ ತನಕ ಹೋಗಲು ಬಯಸುತ್ತಾರೆ, ಇಲ್ಲವೇ ಸಣ್ಣ ಬೆಟ್ ಹಾಕುತ್ತಾರೆ. ಹಾಗಾಗಿ ರಿವರ್‌ನಲ್ಲಿ ದೊಡ್ಡ ಬೆಟ್ ಬಂದರೆ ಗುಂಪಿನ ನಡುವಿನ ಭಾಗ ಹೋಗುತ್ತದೆ. ಎರಡು ತುದಿ ಉಳಿಯುತ್ತವೆ. ಒಂದು ತುದಿಯಲ್ಲಿ ತುಂಬಾ ಗಟ್ಟಿ ಕೈಗಳು, ಇನ್ನೊಂದರಲ್ಲಿ ಏನೂ ಇಲ್ಲದವು.

ಅಳತೆಯಲ್ಲಿ ಆಗುವ ಬದಲಾವಣೆಯನ್ನೂ ನೋಡಿ. ಯಾವಾಗಲೂ ಪಾಟ್‌ನ ಅರ್ಧ ಹಾಕುವವರು ಈ ಸಲ ಪೂರ್ತಿ ಹಾಕಿದರೆ ಅದಕ್ಕೊಂದು ಕಾರಣ ಇದೆ. ಅದು ಏನೆಂದು ಆಗ ಗೊತ್ತಾಗದಿದ್ದರೂ ನೆನಪಿಡಿ. ಎಲೆ ತೋರಿಸಿದಾಗ ಗೊತ್ತಾಗುತ್ತದೆ.

ಒಂದು ಕೈಯನ್ನು ಪೂರ್ತಿ ಓದೋಣ

ಮೇಲಿನ ಅದೇ ಎಚ್ಚರದ ಆಟಗಾರರು. ಬ್ಲೈಂಡ್ 1 ಮತ್ತು 2 ಚಿಪ್. ಅವರು ಮೊದಲ ಜಾಗದಿಂದ 6ಕ್ಕೆ ರೇಸ್ ಮಾಡುತ್ತಾರೆ. ನೀವು ಬಟನ್‌ನಲ್ಲಿ ಇಸ್ಪೀಟ್ ಎಕ್ಕ, ಇಸ್ಪೀಟ್ ರಾಣಿ ಹಿಡಿದು ಕಾಲ್ ಮಾಡುತ್ತೀರಿ. ಮಿಕ್ಕವರು ಫೋಲ್ಡ್. ಪಾಟ್ 15.

ಫ್ಲಾಪ್: ಆಟೀನ್ ರಾಣಿ, ಆಟೀನ್ 8, ಕಳಾವರ್ 3. ನಿಮಗೆ ದೊಡ್ಡ ಜೋಡಿ ಸಿಕ್ಕಿತು, ಜೊತೆಗೆ ಎಕ್ಕ.

ಅವರು ಏನೂ ಮಾಡುವ ಮೊದಲೇ ಗುಂಪು ಕಿರಿದಾಗಿದೆ. ನಿಮ್ಮ ಹತ್ತಿರ ಒಂದು ಎಕ್ಕ ಇದೆ, ಹಾಗಾಗಿ ಜೋಡಿ ಎಕ್ಕ 6ರಿಂದ 3ಕ್ಕೆ ಇಳಿಯಿತು. ಎರಡು ರಾಣಿ ಕಾಣುತ್ತಿವೆ, ಜೋಡಿ ರಾಣಿ ಒಂದೇ ಉಳಿಯಿತು. ಜೋಡಿ 8 ಮೂರಕ್ಕೆ ಬಂತು. ಎಕ್ಕ-ರಾಜ 12 ಆಯಿತು, ಎಕ್ಕ-ರಾಣಿ 6 ಆಯಿತು. ಒಂದೇ ಸೂಟಿನವೂ ಸ್ವಲ್ಪ ಕಡಿಮೆಯಾದವು. 108 ಇದ್ದದ್ದು ಈಗ 77.

ಅವರು 10 ಬೆಟ್ ಮಾಡುತ್ತಾರೆ. ನೀವು ಕಾಲ್. ಪಾಟ್ 35. ಫ್ಲಾಪ್‌ನ ಬೆಟ್ ಹೆಚ್ಚೇನೂ ಹೇಳುವುದಿಲ್ಲ ಅಂದೆನಲ್ಲ, 77ನ್ನೂ ಹಾಗೇ ಇಟ್ಟುಕೊಳ್ಳೋಣ.

ಟರ್ನ್: ಇಸ್ಪೀಟ್ 2. ಅವರು 25 ಬೆಟ್ ಮಾಡುತ್ತಾರೆ.

ಈಗ ಜರಡಿ ಹಿಡಿಯಿರಿ. ಜೋಡಿ 7, 9, 10, ಗುಲಾಮ ಹಿಡಿದವರು ರಾಣಿ ಕಂಡು ಹೆದರುತ್ತಾರೆ. ನೀವು ಒಂದು ಸಲ ಕಾಲ್ ಮಾಡಿದ್ದೀರಿ, ಇನ್ನೂ ಹೆದರುತ್ತಾರೆ. ಎಚ್ಚರದ ಆಟಗಾರರು ಇಲ್ಲಿ ಚೆಕ್ ಮಾಡುತ್ತಿದ್ದರು. ಆ ಜೋಡಿಗಳನ್ನು ತೆಗೆಯಿರಿ. ಫ್ಲಶ್‌ಗೆ ದಾರಿ ಇಲ್ಲದ ಎಕ್ಕ-ರಾಜ, ಎಕ್ಕ-ಗುಲಾಮದಂಥ ಕೈಗಳೂ ಇಲ್ಲಿ ಕೈಬಿಡುತ್ತವೆ. ಉಳಿದದ್ದು: ಜೋಡಿ ಎಕ್ಕ 3, ಜೋಡಿ ರಾಜ 6, ಜೋಡಿ ರಾಣಿ 1, ಜೋಡಿ 8 ಮೂರು. ಎಕ್ಕ-ರಾಣಿ 6, ರಾಜ-ರಾಣಿ 2, ರಾಣಿ-ಗುಲಾಮ 2. ಆಟೀನ್ ಫ್ಲಶ್ ಕಾಯುವ ಆರು ಕೈ: ಎಕ್ಕ-ರಾಜ, ಎಕ್ಕ-ಗುಲಾಮ, ಎಕ್ಕ-10, ರಾಜ-ಗುಲಾಮ, ರಾಜ-10, ಗುಲಾಮ-10. ಒಟ್ಟು 29. ಒಂದೇ ಬೆಟ್ 77ನ್ನು 29ಕ್ಕೆ ಇಳಿಸಿತು. ಟರ್ನ್‌ನ ಶಕ್ತಿ ಇದು.

ನೀವು ಕಾಲ್ ಮಾಡುತ್ತೀರಿ. ಪಾಟ್ 85. ರಿವರ್: ಡೈಮಂಡ್ 7. ಫ್ಲಶ್ ಬರಲಿಲ್ಲ. ಅವರು 60 ಬೆಟ್ ಮಾಡುತ್ತಾರೆ.

ಇಲ್ಲಿ ಎಷ್ಟೋ ಜನ "ಅಯ್ಯೋ, ಜೋಡಿ 7 ಇದ್ದರೆ ಈಗ ಸೆಟ್ ಆಯ್ತಲ್ಲ" ಅಂತ ಗಾಬರಿಯಾಗುತ್ತಾರೆ. ಆದರೆ ಜೋಡಿ 7ನ್ನು ನೀವು ಟರ್ನ್‌ನಲ್ಲೇ ತೆಗೆದಿದ್ದೀರಿ. ಒಮ್ಮೆ ಸರಿಯಾದ ಕಾರಣಕ್ಕೆ ತೆಗೆದ ಕೈ ವಾಪಸ್ ಬರಬಾರದು. ಗುಂಪು ಕಿರಿದಾಗುತ್ತಲೇ ಹೋಗಬೇಕು. ಎಂದೂ ಅಗಲ ಆಗಬಾರದು. ಈ ಒಂದು ನಿಯಮ ಪಾಲಿಸಿದರೆ ಹೆದರಿಕೆಯ ಫೋಲ್ಡ್‌ಗಳು, ಆಸೆಯ ಕಾಲ್‌ಗಳು ಎರಡೂ ಕಡಿಮೆಯಾಗುತ್ತವೆ.

ರಾಣಿ-ಗುಲಾಮ ಇದ್ದವರು ಇಷ್ಟು ದೊಡ್ಡ ಮೂರನೇ ಬೆಟ್ ಹಾಕುವುದಿಲ್ಲ. ಅದನ್ನೂ ತೆಗೆಯಿರಿ. ಈಗ ಲೆಕ್ಕ. ನಿಮ್ಮನ್ನು ಸೋಲಿಸುವವು 13. ನಿಮ್ಮಷ್ಟೇ ಇರುವ ಎಕ್ಕ-ರಾಣಿ 6, ಅದರ ಎದುರು ಪಾಟ್ ಅರ್ಧ ಅರ್ಧ. ನೀವು ಸೋಲಿಸುವ ರಾಜ-ರಾಣಿ 2. ತಪ್ಪಿದ ಫ್ಲಶ್‌ಗಳು ಹೆಚ್ಚೆಂದರೆ 6.

ಕಾಲ್‌ಗೆ ಬೇಕಾದದ್ದು 60. ನೀವು ಹಾಕಿದ ಮೇಲೆ ಪಾಟ್ 205. ಅಂದರೆ ನೂರಕ್ಕೆ 29ಕ್ಕಿಂತ ಸ್ವಲ್ಪ ಜಾಸ್ತಿ ಗೆಲ್ಲಬೇಕು.

ಅವರು ತಪ್ಪಿದ ಫ್ಲಶ್‌ನಲ್ಲಿ ಎಂದೂ ಬ್ಲಫ್ ಮಾಡದವರಾದರೆ 21 ಕೈಯಲ್ಲಿ ನಿಮಗೆ ಬರುವುದು 2, ಜೊತೆಗೆ ಸಮವಾದ 6ರ ಅರ್ಧ 3. ಐದನ್ನು 21ರಿಂದ ಭಾಗಿಸಿದರೆ ನೂರಕ್ಕೆ 24. ಫೋಲ್ಡ್ ಮಾಡಿ. ಆರೂ ಕೈಯಲ್ಲಿ ಬ್ಲಫ್ ಮಾಡುವವರಾದರೆ 27ರಲ್ಲಿ 11, ನೂರಕ್ಕೆ 41. ಧಾರಾಳವಾಗಿ ಕಾಲ್ ಮಾಡಿ. ಗೆರೆ ಎಲ್ಲಿದೆ? ಆರರಲ್ಲಿ ಒಂದು ಕೈಯಲ್ಲಿ ಮಾತ್ರ ಬ್ಲಫ್ ಮಾಡಿದರೆ ನೂರಕ್ಕೆ 27, ಸಾಲದು. ಎರಡರಲ್ಲಿ ಮಾಡಿದರೆ 30, ಸಾಕು.

ಅಂದರೆ ಇಡೀ ಪ್ರಶ್ನೆ ಒಂದೇ ಮಾತಿಗೆ ಬಂತು: ಫ್ಲಶ್ ತಪ್ಪಿದಾಗ ಇವರು ಮೂರರಲ್ಲಿ ಒಂದು ಸಲವಾದರೂ ರಿವರ್‌ನಲ್ಲಿ ಬೆಟ್ ಮಾಡುತ್ತಾರಾ? "ಇವರ ಹತ್ತಿರ ಏನಿದೆ" ಎಂಬ ಉತ್ತರವಿಲ್ಲದ ಪ್ರಶ್ನೆ ಹೋಗಿ, ಗಮನಿಸಿ ಉತ್ತರ ಕಂಡುಕೊಳ್ಳಬಹುದಾದ ಪ್ರಶ್ನೆ ಬಂದಿದೆ. ಕೈ ಓದುವುದರಿಂದ ಸಿಗುವುದು ಇದು. ಕಾಲ್ ಮಾಡಿದಾಗ ಅವರು ಜೋಡಿ ರಾಜ ತೋರಿಸಿದರೂ ನಿಮ್ಮ ಓದು ತಪ್ಪಾಗಲಿಲ್ಲ. ಅದು ನಿಮ್ಮ 13ರಲ್ಲಿ ಇತ್ತು. ಗುಂಪಿನಲ್ಲಿ ಇಲ್ಲದ ಕೈ ತೋರಿಸಿದರೆ ಮಾತ್ರ ತಪ್ಪು, ಆಗ ಯಾವ ಹಂತದಲ್ಲಿ ತೆಗೆದಿರಿ ಅಂತ ಹಿಂದೆ ಹೋಗಿ ನೋಡಬೇಕು.

ಮೇಜಿನಲ್ಲಿ ಕೂತು ಇಷ್ಟೆಲ್ಲ ಎಣಿಸಲು ಆಗುತ್ತದಾ? ಮೊದಮೊದಲು ಆಗುವುದಿಲ್ಲ. "ಸೋಲಿಸುವವು ಸುಮಾರು ಹನ್ನೆರಡು, ಸೋಲುವವು ಸುಮಾರು ಎಂಟು" ಎಂಬಷ್ಟು ಅಂದಾಜು ಬಂದರೂ ಮೇಜಿನ ಹೆಚ್ಚಿನವರಿಗಿಂತ ನೀವು ಮುಂದಿರುತ್ತೀರಿ. ನಿಖರತೆ ಮನೆಯ ಅಭ್ಯಾಸದಿಂದ ಬರುತ್ತದೆ.

ಮುಖ ನೋಡಿ ಓದುವುದು

ಕೈ ನಡುಗುವುದು, ಕಣ್ಣು ತಪ್ಪಿಸುವುದು, ಚಿಪ್ ಮುಟ್ಟುವುದು, ಇವುಗಳ ಬಗ್ಗೆ ಜನರಿಗೆ ಆಸಕ್ತಿ ಜಾಸ್ತಿ. ನನ್ನ ಮಟ್ಟಿಗೆ ಇವು ಕೊನೆಯ ಸಾಲಿನಲ್ಲಿ ನಿಲ್ಲಬೇಕು. ಒಬ್ಬರ ಕೈ ನಡುಗುವುದು ಭಯಕ್ಕೂ ಆಗಬಹುದು, ಒಳ್ಳೆಯ ಕೈ ಬಂದ ಸಂಭ್ರಮಕ್ಕೂ ಆಗಬಹುದು. ಆ ವ್ಯಕ್ತಿಯನ್ನು ಎಷ್ಟೋ ಹೊತ್ತು ನೋಡಿರದೆ ಯಾವುದು ಅಂತ ಹೇಳಲಾಗದು. ಬೆಟ್ ಹಾಗಲ್ಲ. ಅದರಲ್ಲಿ ಚಿಪ್ ಇದೆ, ಸುಮ್ನೆ ನಟಿಸಲು ಖರ್ಚಾಗುತ್ತದೆ.

2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ಕು ಜನ ವೃತ್ತಿಪರ ಆಟಗಾರರ ಜೊತೆ ಒಬ್ಬರಿಗೊಬ್ಬರು ಎದುರಾಗುವ ಹೋಲ್ಡೆಮ್ ಆಡಿತು. 20 ದಿನ, 1,20,000 ಕೈ. ಕೊನೆಗೆ ಗೆದ್ದದ್ದು ಪ್ರೋಗ್ರಾಂ. ಅದಕ್ಕೆ ಯಾರ ಮುಖವೂ ಕಾಣುತ್ತಿರಲಿಲ್ಲ. ಎಲೆ, ಬೆಟ್, ಪಾಟ್ ಅಷ್ಟೇ ಅದರ ಲೋಕ. ಮುಖ ಓದಲು ಬರುವುದಿಲ್ಲ ಅಂತ ಕೊರಗುವವರಿಗೆ ಇದಕ್ಕಿಂತ ಧೈರ್ಯ ತುಂಬುವ ಸುದ್ದಿ ಇಲ್ಲ.

ಒಂದು ವಿಷಯ ಮಾತ್ರ ಗಮನಿಸಬಹುದು: ಸಮಯ. ಬೆಟ್ ಬಂದ ಕೂಡಲೇ ಥಟ್ಟನೆ ಕಾಲ್ ಮಾಡಿದವರು ರೇಸ್ ಮಾಡುವ ಬಗ್ಗೆಯೂ, ಬಿಡುವ ಬಗ್ಗೆಯೂ ಯೋಚಿಸಿಲ್ಲ. ಅಂಥ ಕೈ ಸಾಮಾನ್ಯವಾಗಿ ಮಧ್ಯಮ, ಇಲ್ಲವೇ ಫ್ಲಶ್, ಸ್ಟ್ರೇಟ್ ಕಾಯುವಂಥದ್ದು. ಇದನ್ನೂ ಬೆಟ್‌ಗಳಿಂದ ಕಟ್ಟಿದ ಗುಂಪಿನ ಮೇಲೆ ಸಣ್ಣ ತಿದ್ದುಪಡಿಯಾಗಿ ಬಳಸಿ, ಅಷ್ಟೇ.

ಅಭ್ಯಾಸ ಹೀಗೆ ಮಾಡಿ

ನೀವು ಫೋಲ್ಡ್ ಮಾಡಿದ ಮೇಲೆ ಫೋನ್ ತೆಗೆಯಬೇಡಿ. ಕಲಿಯಲು ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ನಿಮ್ಮ ಚಿಪ್ ಅಲ್ಲಿಲ್ಲ, ಆಸೆ ಇಲ್ಲ, ಭಯ ಇಲ್ಲ. ಆಡುತ್ತಿರುವವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅವರು ಎಲ್ಲಿಂದ ರೇಸ್ ಮಾಡಿದರು, ಫ್ಲಾಪ್‌ನಲ್ಲಿ ಏನು ಮಾಡಿದರು, ಟರ್ನ್‌ನಲ್ಲಿ ಏನು ಮಾಡಿದರು ಅಂತ ನೋಡುತ್ತಾ ಹೋಗಿ. ಎಲೆ ತೋರಿಸುವ ಮೊದಲು ಮನಸ್ಸಿನಲ್ಲೇ ಮೂರು ನಾಲ್ಕು ಬಗೆಯ ಕೈ ಹೇಳಿಕೊಳ್ಳಿ. ತೋರಿಸಿದ ಮೇಲೆ ಪೂರ್ತಿ ಆಟವನ್ನು ಹಿಂದಿನಿಂದ ಓಡಿಸಿ: "ಓಹೋ, ಇವರು ಮಧ್ಯಮ ಜೋಡಿಯಲ್ಲೂ ಟರ್ನ್ ಬೆಟ್ ಮಾಡುತ್ತಾರೆ." ಈ ಒಂದು ಸಾಲು ಮುಂದಿನ ಒಂದು ಗಂಟೆಯ ಆಟಕ್ಕೆ ಬಂಡವಾಳ.

ಟಿವಿ ಅಥವಾ ಆನ್‌ಲೈನ್‌ನಲ್ಲಿ ಬರುವ ಪೋಕರ್ ಪಂದ್ಯಗಳೂ ಒಳ್ಳೆಯ ಪಾಠ. 1999ರಲ್ಲಿ ಬ್ರಿಟನ್ನಿನ ಒಂದು ಟಿವಿ ಕಾರ್ಯಕ್ರಮ ಮೇಜಿನ ಕೆಳಗೆ ಕ್ಯಾಮೆರಾ ಇಟ್ಟು ಆಟಗಾರರ ಎಲೆ ತೋರಿಸಿತು. ಈಗ ಹೆಚ್ಚಿನ ಪ್ರಸಾರಗಳಲ್ಲಿ ಎಲೆ ತೋರಿಸುವುದು ಮಾಮೂಲು. ಪರದೆಯಲ್ಲಿ ಎಲೆ ಕಾಣುವ ಮೂಲೆಗೆ ಒಂದು ಕಾಗದ ಅಂಟಿಸಿ. ರಿವರ್ ತನಕ ನೀವೇ ಓದಿ, ಆಮೇಲೆ ಕಾಗದ ತೆಗೆಯಿರಿ.

ಮನೆಯಲ್ಲಿ ದಿನಕ್ಕೆ ಒಂದೇ ಒಂದು ಕೈ ತೆಗೆದುಕೊಂಡು ಮೇಲಿನ ಉದಾಹರಣೆಯ ಹಾಗೆ ಕಾಗದದ ಮೇಲೆ ಎಣಿಸಿ. ಹತ್ತು ಕೈ ಮೇಲೆ ಮೇಲೆ ನೋಡುವುದಕ್ಕಿಂತ ಒಂದನ್ನು ಪೂರ್ತಿ ಬಿಚ್ಚುವುದು ಮೇಲು. ಆನ್‌ಲೈನ್‌ನಲ್ಲಿ ಆಡುವವರಿಗೆ ಆಡಿದ ಕೈಗಳ ದಾಖಲೆ ಸಿಗುತ್ತದೆ, ಅದನ್ನು ಬಳಸಿ. ಎದುರಿಗೆ ಕೂತು ಆಡುವವರು ಬಿಡುವಿನಲ್ಲಿ ಫೋನ್‌ನಲ್ಲಿ ಗುರುತು ಹಾಕಿಕೊಳ್ಳಿ. ಬ್ಲೈಂಡ್, ಕೂತ ಜಾಗ, ಬೋರ್ಡ್‌ನ ಐದು ಎಲೆ, ಪ್ರತಿ ಬೆಟ್‌ನ ಮೊತ್ತ, ತೋರಿಸಿದ ಕೈ, ಇಷ್ಟಿದ್ದರೆ ಸಾಕು. ಕಲಿಯುವ ದಿನಗಳಲ್ಲಿ ಚಿಕ್ಕ ಬ್ಲೈಂಡ್ ಇರುವ ಮೇಜಿನಲ್ಲೇ ಇರಿ. ಸೋತರೆ ನೋಯುವಷ್ಟು ಹಣ ಮೇಜಿನ ಮೇಲಿದ್ದರೆ ಕಣ್ಣು ನಿಮ್ಮ ಎಲೆ ಬಿಟ್ಟು ಕದಲುವುದಿಲ್ಲ.

ಎದುರಾಳಿಗಳ ಬಗ್ಗೆ ಬರೆಯುವಾಗ "ಒಳ್ಳೆಯ ಆಟಗಾರ", "ಹುಚ್ಚು ಆಟ" ಅಂತೆಲ್ಲ ಬರೆಯಬೇಡಿ. ಅದರಿಂದ ಗುಂಪು ಕಿರಿದಾಗುವುದಿಲ್ಲ. ಕಂಡದ್ದನ್ನು ಬರೆಯಿರಿ: "ಫ್ಲಶ್ ತಪ್ಪಿದಾಗ ರಿವರ್‌ನಲ್ಲಿ ಪಾಟ್‌ನ ಮುಕ್ಕಾಲು ಬೆಟ್ ಮಾಡಿದರು." "ಜೋಡಿ ರಾಜ ಇದ್ದೂ ಫ್ಲಾಪ್‌ಗೆ ಮೊದಲು ಬರೀ ಕಾಲ್." ಮೊದಲ ಸಾಲು ನಿಮ್ಮ ಹತ್ತಿರ ಇದ್ದಿದ್ದರೆ, ಆ 60 ಚಿಪ್‌ನ ಬೆಟ್‌ಗೆ ಕಾಲ್ ಮಾಡಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ.